ಹೆಸರಿಗೂ ಒಂದು ಇತಿಹಾಸ ಇರ್ತದೆ: ಮಸ್ಕಿಯ ಬಂಡೆ, ಆಕಾಶದ ಕಲ್ಲು

ಸಿಂಧನೂರಿನಿಂದ ಮಾತಾಡ್ತಾ ಇದ್ದೀನಿ. ಇವತ್ತು ಎರಡು ಕಲ್ಲುಗಳ ಕಥೆ.

ಮೊದಲನೆಯದು ನಮ್ಮದೇ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ನಡುವೆ ಮಸ್ಕಿ ಸಿಗ್ತದಲ್ಲ, ಅಲ್ಲಿನ ಬಂಡೆ. ಅಶೋಕನ ಶಾಸನಗಳಲ್ಲಿ ರಾಜ ತನ್ನನ್ನು 'ದೇವಾನಾಂಪ್ರಿಯ' ಅಂತ ಕರೆದುಕೊಂಡಿದ್ದ. ಅದು ಬಿರುದು, ಹೆಸರಲ್ಲ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಗುರುತಿಸಿದರು. ಅದರಲ್ಲಿ ಬಿರುದಿನ ಪಕ್ಕದಲ್ಲೇ 'ಅಶೋಕ' ಅಂತ ಕೊರೆದಿತ್ತು. ಆ ರಾಜನ ಸ್ವಂತ ಶಾಸನದಲ್ಲಿ ಅವನ ಹೆಸರು ಸಿಕ್ಕಿದ್ದು ಅದೇ ಮೊದಲು.

ಎರಡನೆಯ ಕಲ್ಲು ಆಕಾಶದಲ್ಲಿದೆ. ಮಂಗಳ ಮತ್ತು ಗುರುವಿನ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಸುತ್ತುತ್ತವೆ. ಅವುಗಳಲ್ಲಿ ಒಂದರ ಹೆಸರು 4130 ರಾಮಾನುಜನ್.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಇದೆ. 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅಲ್ಲಿಂದ ಇದನ್ನು ಕಂಡುಹಿಡಿದರು. ಫೋಟೋದಲ್ಲಿ ಕ್ಷುದ್ರಗ್ರಹವೂ ನಕ್ಷತ್ರದ ಹಾಗೇ ಚುಕ್ಕೆ. ಆದರೆ ನಕ್ಷತ್ರ ಇದ್ದಲ್ಲೇ ಇರ್ತದೆ, ಇದು ಜರುಗುತ್ತದೆ. ಆ ಜರುಗುವಿಕೆಯನ್ನೇ ಹುಡುಕಬೇಕು.

ಅದಕ್ಕೂ ಹಿಂದೆ ಭಾರತದಿಂದ ಕ್ಷುದ್ರಗ್ರಹ ಪತ್ತೆಯಾಗಿದ್ದು 1885ರಲ್ಲಿ, ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪೋಗ್ಸನ್ ಕಾಲಕ್ಕೆ. ಅಂದ್ರೆ 103 ವರ್ಷಗಳ ಬಿಡುವು! ಈ ಪೋಗ್ಸನ್ 1861ರಲ್ಲಿ ಕಂಡ ಕ್ಷುದ್ರಗ್ರಹಕ್ಕೆ 'ಏಷ್ಯಾ' ಅಂತ ಹೆಸರಿಟ್ಟರು. ಏಷ್ಯಾದಿಂದ ಪತ್ತೆಯಾದ ಮೊದಲನೆಯದು ಅದೇ.

ರಾಜಮೋಹನ್ ಕಂಡ ಕಲ್ಲಿಗೂ ಮೊದಲು ಹೆಸರಿರಲಿಲ್ಲ. ಸಿಕ್ಕಿದ್ದು '1988 ಡಿಕ್ಯೂ1' ಅನ್ನೋ ತಾತ್ಕಾಲಿಕ ಗುರುತು. ಡಿ ಅಂದ್ರೆ ಫೆಬ್ರವರಿಯ ದ್ವಿತೀಯಾರ್ಧ. ಕ್ಯೂ1 ಅಂದ್ರೆ ಆ ಅವಧಿಯ ಪಟ್ಟಿಯಲ್ಲಿ 41ನೆಯದು. ಮತ್ತೆ ಮತ್ತೆ ಗಮನಿಸಿ ಕಕ್ಷೆ ಖಚಿತವಾದ ಮೇಲೆ 4130 ಅನ್ನೋ ಕಾಯಂ ಸಂಖ್ಯೆ. ಆಮೇಲೆ ಹೆಸರು. 1887ರಲ್ಲಿ ಈರೋಡಿನಲ್ಲಿ ಹುಟ್ಟಿ, 32ನೇ ವಯಸ್ಸಿಗೇ ತೀರಿಕೊಂಡ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರು.

ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದ್ದು, ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಇಂಗ್ಲಿಷಿನಲ್ಲಿ 16 ಅಕ್ಷರ ಮೀರುವಂತಿಲ್ಲ. ರಾಜಕಾರಣ ಅಥವಾ ಯುದ್ಧದಿಂದ ಹೆಸರಾದವರಾದರೆ ಅವರು ತೀರಿಕೊಂಡು 100 ವರ್ಷ ಆಗಿರಬೇಕು. ಅಶೋಕನಿಗೇನೂ ತೊಂದರೆ ಇಲ್ಲ ಬಿಡ್ರಿ, 2,200 ವರ್ಷ ದಾಟಿವೆ!

ಇನ್ನೊಂದು ಮಾತು ನೆನಪಿಡ್ರಿ. ಈ ಹೆಸರುಗಳನ್ನು ದುಡ್ಡು ಕೊಟ್ಟು ಕೊಳ್ಳೋಕಾಗಲ್ಲ. 'ಹುಟ್ಟುಹಬ್ಬಕ್ಕೆ ನಕ್ಷತ್ರಕ್ಕೆ ನಿಮ್ಮ ಹೆಸರು' ಅಂತ ಮೊಬೈಲಿನಲ್ಲಿ ಜಾಹೀರಾತು ಬರ್ತಾವಲ್ಲ, ಆ ಸರ್ಟಿಫಿಕೇಟನ್ನು ಒಕ್ಕೂಟ ಮಾನ್ಯ ಮಾಡೋದಿಲ್ಲ. ದುಡ್ಡು ಉಳಿಸ್ಕೊಳ್ರಿ.

ಬೇರೆ ದಾರಿ ಇದೆ. ದೂರದರ್ಶಕ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ಜರುಗುವ ಚುಕ್ಕೆ ಹುಡುಕುವ ಅಭಿಯಾನಗಳಿವೆ. ಭಾರತದ ಶಾಲಾ ಮಕ್ಕಳೂ ಅದರಲ್ಲಿ ಸೇರ್ತಾರೆ. ವರ್ಷಗಟ್ಟಲೆ ಕಾಯಬೇಕು, ತಾಳ್ಮೆ ಬೇಕು. ಆದರೆ ಹಕ್ಕು ಹುಟ್ಟೋದು ಹಾಗೇ, ಕಣ್ಣಿಟ್ಟು ನೋಡಿದವರಿಗೆ.

ಇಂಗ್ಲಿಷಿನಲ್ಲಿ ಮಸ್ಕಿಗೆ 5 ಅಕ್ಷರ, ಸಿಂಧನೂರಿಗೆ 9, ಲಿಂಗಸುಗೂರಿಗೆ 10. ಮೂರೂ ನಿಯಮದೊಳಗೇ ಇವೆ. ಹುಡುಕುವವರು ಬೇಕು, ಅಷ್ಟೇ.