ಹಳೇ ಕಾರು ಅಂದ್ರೆ ಪೆಟ್ರೋಲ್ ವಾಸನೆ ಬರಲೇಬೇಕಾ?

"ಹಳೇ ಗಾಡಿ ಸಾರ್, ಸ್ವಲ್ಪ ವಾಸನೆ ಇದ್ದೇ ಇರುತ್ತೆ." ಗ್ಯಾರೇಜಲ್ಲಿ ಈ ಮಾತು ಕೇಳಿರ್ತೀರ. ಅರ್ಧ ನಿಜ. ಆ ಅರ್ಧ ನಿಜದ ಕಥೆಯಲ್ಲಿ ಒಂದು ಅನಾನಸ್ ಹಣ್ಣು ಬರುತ್ತೆ.

1943ರ ಜುಲೈ, ಅಮೆರಿಕದ ಲಾಸ್ ಏಂಜಲೀಸ್. ಊರ ಮೇಲೆ ಕಣ್ಣುರಿಸೋ ಹೊಗೆಮಂಜು. ಯುದ್ಧದ ಕಾಲ ಬೇರೆ, ಜಪಾನ್ ವಿಷಾನಿಲ ಬಿಟ್ಟಿದೆ ಅಂತ ಜನ ಹೆದರಿದರು. ಆಮೇಲೆ ಇದರ ಮೂಲ ಹುಡುಕಿದವರು ಕ್ಯಾಲ್‌ಟೆಕ್‌ನ ಆರಿ ಹಾಗೆನ್-ಸ್ಮಿಟ್. ಅನಾನಸ್‌ನ ಪರಿಮಳ ಯಾವ್ಯಾವ ರಾಸಾಯನಿಕಗಳಿಂದ ಬರುತ್ತೆ ಅಂತ ಅಧ್ಯಯನ ಮಾಡ್ತಿದ್ದ ಮನುಷ್ಯ! ಅದೇ ವಿದ್ಯೆಯನ್ನ ಊರಿನ ಗಾಳಿಗೆ ಬಳಸಿದರು. 1950ರ ದಶಕದ ಆರಂಭದ ಹೊತ್ತಿಗೆ ಉತ್ತರ ಸಿಕ್ಕಿತ್ತು: ಸುಡದೆ ತಪ್ಪಿಸಿಕೊಂಡ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್ ಎರಡೂ ಬಿಸಿಲಿಗೆ ಸೇರಿ ಈ ಮಂಜು ಹುಟ್ಟುತ್ತೆ.

ಆವಿ ಬರೀ ಸೈಲೆನ್ಸರ್‌ನಿಂದ ಬರ್ತಿರಲಿಲ್ಲ. ಸುಮ್ಮನೆ ನಿಂತ ಕಾರೂ ಬಿಡ್ತಿತ್ತು. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಪುಟ್ಟ ಬಟ್ಟಲಿದೆ, ಅದಕ್ಕೆ ಗಾಳಿಕಿಂಡಿ. ಎಂಜಿನ್ ಆಫ್ ಮಾಡಿದ ಮೇಲೆ ಆ ಬಿಸಿಗೆ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಕಿಂಡಿಯಿಂದ ಹೊರಗೆ. ಟ್ಯಾಂಕಿನದ್ದೂ ಅದೇ ಕಥೆ. "ಇದ್ದೇ ಇರುತ್ತೆ" ಅನ್ನೋ ಮಾತು ಈ ಕಾಲದ ಕಾರುಗಳಿಗೆ ಒಪ್ಪುತ್ತೆ.

1970ರ ಮಾಡೆಲ್‌ಗಳಿಂದ ಕ್ಯಾಲಿಫೋರ್ನಿಯಾ, ಮರುವರ್ಷ ಇಡೀ ಅಮೆರಿಕ, ಆವಿ ಹಿಡಿಯಲೇಬೇಕು ಅಂದವು. ಬಂತು ಇದ್ದಿಲು ತುಂಬಿದ ಡಬ್ಬಿ, ಕ್ಯಾನಿಸ್ಟರ್. ಆವಿಯನ್ನ ಇದ್ದಿಲು ಹಿಡಿದಿಟ್ಟುಕೊಳ್ಳುತ್ತೆ, ಎಂಜಿನ್ ಓಡುವಾಗ ಅದನ್ನ ಎಳೆದು ಸುಡುತ್ತೆ. ಎಷ್ಟು ಸರಳ ನೋಡಿ. ಹಾಗಾಗಿ ಕ್ಯಾನಿಸ್ಟರ್ ಇರೋ ಕಾರು ವಾಸನೆ ಹೊಡೆದ್ರೆ ಅದು ವಯಸ್ಸಲ್ಲ, ರಿಪೇರಿ.

ಹುಡುಕೋದಕ್ಕೆ "ಎಲ್ಲಿ" ಅನ್ನೋದಕ್ಕಿಂತ "ಯಾವಾಗ" ಮುಖ್ಯ. ನಮ್ಮ ಚಿಕ್ಕಪ್ಪನ ಕಾರಲ್ಲಿ ಫುಲ್ ಟ್ಯಾಂಕ್ ಮಾಡಿಸಿದ ದಿನ ಮಾತ್ರ ಹಿಂದಿನ ಸೀಟಲ್ಲಿ ವಾಸನೆ. ಪೆಟ್ರೋಲ್ ಹಾಕೋ ಬಾಯಿಂದ ಟ್ಯಾಂಕಿಗೆ ಹೋಗೋ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಬಂಕಲ್ಲಿ ಆಟೋ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡಿ ಅಣ್ಣ" ಅಂತೀವಲ್ಲ, ಆಗ ದ್ರವವೇ ಕ್ಯಾನಿಸ್ಟರ್‌ಗೆ ನುಗ್ಗಿ ಇದ್ದಿಲು ಹಾಳಾಗಬಹುದು. ಆಫ್ ಮಾಡಿದ ಮೇಲೆ ಬಾನೆಟ್ ಹತ್ತಿರ ಬಂದ್ರೆ ಕಾರ್ಬೊರೇಟರ್ ನೋಡಿ. ಓಡುವಾಗ ಮಾತ್ರ ಬಂದ್ರೆ ಪಂಪಿನಿಂದ ಎಂಜಿನ್‌ವರೆಗಿನ ಪೈಪು. ಇಂಜೆಕ್ಷನ್ ಕಾರಾದ್ರೆ ಅಲ್ಲಿ ಒತ್ತಡ ಜಾಸ್ತಿ, ಸಣ್ಣ ತೂತಿಂದಲೂ ಪಿಚಕಾರಿ.

ಈ ಕಥೆಗೆ ನಮ್ಮೂರ ಅಧ್ಯಾಯವೂ ಇದೆ. 2023ರ ಫೆಬ್ರವರಿ 6ರಂದು ಬೆಂಗಳೂರಲ್ಲೇ 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯ್ತು. ಎಥನಾಲ್‌ಗೆ ಅಂತ ಮಾಡದ ಹಳೇ ರಬ್ಬರ್ ಅದರಲ್ಲಿ ಉಬ್ಬುತ್ತೆ, ಮೆತ್ತಗಾಗುತ್ತೆ, ಬಿರುಕು ಬಿಡುತ್ತೆ. ಅಪ್ಪನ ಕಾಲದ ಕಾರಿಗೆ ಎಥನಾಲ್ ತಡೆಯೋ ಹೊಸ ಪೈಪ್ ಹಾಕಿಸೋದು ದೊಡ್ಡ ಖರ್ಚೇನಲ್ಲ.

ಮೊಬೈಲ್ ಟಾರ್ಚ್ ಸಾಕು, ಲೈಟರ್ ಹಚ್ಚಿ ನೋಡೋ ಹುಚ್ಚು ಬೇಡ. ಪೈಪಲ್ಲೋ ನೆಲದಲ್ಲೋ ಹಸಿ ಕಂಡ್ರೆ ಸ್ಟಾರ್ಟ್ ಮಾಡಬೇಡಿ, ಕಾರು ತಳ್ಳಿ ಬಯಲಿಗೆ ತನ್ನಿ, ಮೆಕ್ಯಾನಿಕ್‌ನ ಅಲ್ಲಿಗೇ ಕರೆಸಿ.

#ಹಳೇಕಾರಿನಕಥೆ