ರೈಲು ಹತ್ತಿ ಬಂದ ಮಾರಿ



1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಹೆದರಿದ ಜನ ಗಂಟುಮೂಟೆ ಕಟ್ಟಿ, ರೈಲು ಹತ್ತಿ ತಂತಮ್ಮ ಊರುಗಳಿಗೆ ಓಡಿದರು. ರೋಗವೂ ಜೊತೆಗೇ ಹೊರಟಿತು. ಹುಬ್ಬಳ್ಳಿ ತಲುಪಿ, 1898ರ ಆಗಸ್ಟಿನಲ್ಲಿ ರೈಲಿನ ದಾರಿಯಿಂದಲೇ ಬೆಂಗಳೂರನ್ನು ಮುಟ್ಟಿತು. ಸರ್ಕಾರದವರು ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈ ಮುಟ್ಟಿ ಗಂಟು ಹುಡುಕಿದರು. ಧಾನ್ಯದ ಚೀಲದೊಳಗಿನ ಇಲಿಯನ್ನು ಯಾರು ತಪಾಸಣೆ ಮಾಡಬೇಕು? ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುವುದೆಂದು ಸಿಮೊಂ ಎಂಬ ಫ್ರೆಂಚ್ ವೈದ್ಯರು 1898ರಲ್ಲೇ ಕರಾಚಿಯಲ್ಲಿ ತೋರಿಸಿದರೂ ಹಲವು ವರ್ಷ ಪಂಡಿತರು ನಂಬಲಿಲ್ಲ. ಅಂಗಡಿಯವನಾದ ನನಗೆ ಕೇಳಿದರೆ, ಚೀಲವಿದ್ದಲ್ಲಿ ಇಲಿ ಇದ್ದೇ ಇರುತ್ತದೆ!

ಹಳ್ಳಿಗರು ಮಾತ್ರ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿದರು. ಅದೇ ಸರಿಯಾದ ಉಪಾಯವಾಗಿತ್ತು. ಆ ಕಾಲದ ಭಯದಲ್ಲಿ ಹುಟ್ಟಿದ ಪ್ಲೇಗಮ್ಮನ ಗುಡಿಗಳಿಗೆ ಬೆಂಗಳೂರು ಸೀಮೆಯಲ್ಲಿ ಈಗಲೂ ಪೂಜೆ ನಡೆಯುತ್ತಿದೆ.