ಸೆಂಟ್ರಲ್ ಜೈಲಿನ ಗೋಡೆ ಮತ್ತು ನಮ್ಮ ಮರೆವು

ನಾನು ಚಿಕ್ಕವನಾಗಿದ್ದಾಗ ಅಮ್ಮಿಯ ಜೊತೆ ಮಲ್ಲೇಶ್ವರಂನಿಂದ ಮಾರ್ಕೆಟ್ಟಿಗೆ ಹೋಗುವುದಿತ್ತು. ಶೇಷಾದ್ರಿಪುರಂ ದಾಟಿ ಬಸ್ಸು ಮುಂದೆ ಸಾಗಿದರೆ ಶೇಷಾದ್ರಿ ರಸ್ತೆಯ ಕಡೆ ಒಂದು ಎತ್ತರದ ಗೋಡೆ ಕಾಣುತ್ತಿತ್ತು. "ಒಳಗೆ ಯಾರಿದ್ದಾರೆ?" ಎಂದು ಕೇಳಿದರೆ ಅಮ್ಮಿ "ತಪ್ಪು ಮಾಡಿದವರು" ಎನ್ನುತ್ತಿದ್ದರು. ಆ ಉತ್ತರ ಅರ್ಧ ಮಾತ್ರ ನಿಜವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಬೆಂಗಳೂರಿನ ಸೆಂಟ್ರಲ್ ಜೈಲು ಮಲ್ಲೇಶ್ವರಂ ಬಡಾವಣೆಗಿಂತ ಹಳೆಯದು. 1898ರ ಪ್ಲೇಗಿನ ಹೊತ್ತಿಗೆ ಮಲ್ಲೇಶ್ವರಂ, ಬಸವನಗುಡಿಗಳು ರೂಪುಗೊಳ್ಳುವಾಗ ಈ ಜೈಲಿಗೆ ಮೂವತ್ತು ವರ್ಷ ತುಂಬಿತ್ತು. ಅದು ಕಟ್ಟಲ್ಪಟ್ಟದ್ದು 1867ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಲ್ಯೂಯಿನ್ ಬೌರಿಂಗ್ ಕಮಿಷನರ್ ಆಗಿದ್ದರು. ಮರುವರ್ಷ, 1868ರಲ್ಲಿ, ಅಠಾರಾ ಕಚೇರಿಯ ಕೆಂಪು ಕಟ್ಟಡ ಪೂರ್ಣಗೊಂಡಿತು. ಹದಿನೆಂಟು ಇಲಾಖೆಗಳ ಆ ಕಚೇರಿಯೇ ಮುಂದೆ ಹೈಕೋರ್ಟ್ ಆಯಿತು. ಹೀಗೆ ಹೊಸ ಆಡಳಿತದ ಕಚೇರಿಯೂ ಸೆರೆಮನೆಯೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದಕ್ಕೊಂದು ಕೂಗಳತೆಯಲ್ಲಿ ಎದ್ದುನಿಂತವು.

ಜೈಲಿನ ನಡುವೆ ಒಂದು ಕಾವಲು ಗೋಪುರ, ಅದರ ಸುತ್ತ ಚಕ್ರದ ಅರೆಗಳಂತೆ ಹರಡಿದ ಬ್ಯಾರಕ್‌ಗಳು. ಒಬ್ಬನೇ ಕಾವಲುಗಾರ ಎಲ್ಲರ ಮೇಲೂ ಕಣ್ಣಿಡಬಹುದಾದ ಸೆರೆಮನೆಯ ಕಲ್ಪನೆಯನ್ನು ಇಂಗ್ಲೆಂಡಿನ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ಮುಂದಿಟ್ಟಿದ್ದ. ನೋಡುವವನು ಕಾಣಬಾರದು, ನೋಡಲ್ಪಡುವವನು ಅಡಗಬಾರದು ಎಂಬುದು ಅದರ ತತ್ವ.

ಕಟ್ಟಡ ಇಂಗ್ಲಿಷರದಾದರೂ ಜೈಲಿನ ಮಾತು ನಮ್ಮದೇ. ಕೈದಿ, ಸಜಾ, ಮಾಫಿ, ವಕೀಲ, ಜಾಮೀನು: ಇವೆಲ್ಲ ಅರಬಿ, ಫಾರಸಿಗಳಿಂದ ಬಂದು ಕನ್ನಡದಲ್ಲಿ ಬೇರುಬಿಟ್ಟ ಪದಗಳು. ಎರಡೂ ಭಾಷೆ ಓದಿಕೊಂಡ ನನ್ನನ್ನು ಇವುಗಳಲ್ಲಿ ಕಾಡುವುದು 'ಜಾಮೀನು'. ಕನ್ನಡದಲ್ಲಿ ಅದು ಬಿಡುಗಡೆಯ ಆದೇಶ. ಉರ್ದುವಿನ 'ಜಾಮಿನ್' ಒಬ್ಬ ಮನುಷ್ಯ. ಇನ್ನೊಬ್ಬನ ಹೊಣೆ ಹೊತ್ತು ಮುಂದೆ ಬಂದು ನಿಲ್ಲುವವನು.

ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಈ ಗೋಡೆಯೊಳಗೆ ಸತ್ಯಾಗ್ರಹಿಗಳು ತುಂಬಿದರು. ಅದೇ ಜೈಲು 1975ರಲ್ಲಿ ಸ್ವತಂತ್ರ ಭಾರತದ ಸತ್ವಪರೀಕ್ಷೆಗೂ ಸಾಕ್ಷಿಯಾಯಿತು. ಪಕ್ಷಾಂತರ ನಿಷೇಧ ಮಸೂದೆಯ ಜಂಟಿ ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಅವರನ್ನು ಜೂನ್ 26ರಂದು ಇಲ್ಲಿಯೇ ಬಂಧಿಸಲಾಯಿತು. ರಾಮಕೃಷ್ಣ ಹೆಗಡೆ, ದೇವೇಗೌಡ, ಜೆ.ಎಚ್. ಪಟೇಲರೂ ಇದೇ ಜೈಲು ಕಂಡರು. ಆರೆಸ್ಸೆಸ್ ಮತ್ತು ಜಮಾಅತೆ ಇಸ್ಲಾಮೀ ಹಿಂದ್ ಎರಡನ್ನೂ ಸರಕಾರ ಒಂದೇ ಜುಲೈ ತಿಂಗಳಲ್ಲಿ ನಿಷೇಧಿಸಿತು. ಹೊರಗೆ ಪರಸ್ಪರ ಮುಖ ನೋಡದವರು ದೇಶದ ಹಲವು ಜೈಲುಗಳಲ್ಲಿ ಒಂದೇ ಸೂರಿನಡಿ ದಿನ ಕಳೆದರು.

ಬಂಧಿತರು ಕರ್ನಾಟಕ ಹೈಕೋರ್ಟಿನ ಮೊರೆಹೋದರು. ಅವರ ಅಹವಾಲನ್ನು ಕೇಳಬಹುದೆಂದು ನ್ಯಾಯಾಲಯ ಹೇಳಿತು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಇಂಥ ಎಲ್ಲ ತೀರ್ಪುಗಳನ್ನು ತಳ್ಳಿಹಾಕಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟೇ ರದ್ದುಮಾಡಲು 2017ರವರೆಗೆ ಕಾಯಬೇಕಾಯಿತು. ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ.

ಅಷ್ಟು ಕಾಯಲು ಸ್ನೇಹಲತಾ ರೆಡ್ಡಿಯವರಿಗೆ ಆಯುಷ್ಯವಿರಲಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರು ಕಂಡ ಈ ಕಲಾವಿದೆಯನ್ನು 1976ರ ಮೇ ತಿಂಗಳಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಬಂಧಿಸಲಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಬಿಡುಗಡೆ ಸಿಗಲಿಲ್ಲ. ತೀವ್ರ ಆಸ್ತಮಾ ಇದ್ದ ಅವರು ಎಂಟು ತಿಂಗಳು ಸೆಂಟ್ರಲ್ ಜೈಲಿನಲ್ಲಿ ಉಸಿರಿಗಾಗಿ ಹೋರಾಡಿದರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು. ಅವರ ಜೈಲು ದಿನಚರಿ ಅದೇ ವರ್ಷ ಪ್ರಕಟವಾಯಿತು. ವಾಜಪೇಯಿ, ದೇವೇಗೌಡರು ಪ್ರಧಾನಿಗಳಾದರು. ಅವರ ಸೆರೆವಾಸ ಚರಿತ್ರೆಯಾಯಿತು. ಆರೋಪವೇ ಇಲ್ಲದೆ ಸೆರೆಯಲ್ಲಿದ್ದ ಸ್ನೇಹಲತಾರ ಬಂಧನ ಒಂದು ಪ್ರಶ್ನೆಯಾಗಿ ಉಳಿಯಿತು.

2000ದಲ್ಲಿ ಕೈದಿಗಳನ್ನು ಹೊಸೂರು ರಸ್ತೆಯ ಕಡೆಯ ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು. ಹಳೆಯ ಜೈಲಿನ ಸುಮಾರು 21 ಎಕರೆ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕನ್ನೂ ಉಳಿಸಿಕೊಂಡು, ಒಂದು ಭಾಗವನ್ನು ಧರಣಿ, ಪ್ರತಿಭಟನೆಗಳಿಗೆ ಬಿಟ್ಟರು. 1942ರ ಚಳವಳಿಯ ಸಂಬಂಧ 14 ತಿಂಗಳು, ತುರ್ತುಪರಿಸ್ಥಿತಿಯಲ್ಲಿ ಮತ್ತೆ ನಾಲ್ಕು ತಿಂಗಳು ಸೆರೆಯಲ್ಲಿದ್ದ ಎಚ್.ಎಸ್. ದೊರೆಸ್ವಾಮಿಯವರು ತೊಂಬತ್ತು ದಾಟಿದ ಮೇಲೂ ಇಲ್ಲಿ ಧರಣಿ ಕೂತರು. 2021ರಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಆದೇಶವೊಂದು, ಬೆಂಗಳೂರಿನಲ್ಲಿ ಪ್ರತಿಭಟನೆಗಳು ಫ್ರೀಡಂ ಪಾರ್ಕಿನಲ್ಲಿ ಮಾತ್ರ ನಡೆಯಬೇಕೆಂದಿತು. ಜೈಲು ಉದ್ಯಾನವಾಯಿತು, ಊರಿನ ಕೂಗು ಮಾತ್ರ ಜೈಲಿನ ಹಳೆಯ ಅಂಗಳದೊಳಗೆ ಸೇರಿತು.

ಊರ ನಡುವೆ ಇದ್ದ ಗೋಡೆ ಕಣ್ಮರೆಯಾದಾಗ ಗೋಡೆಯೊಳಗಿನವರೂ ನಮ್ಮ ಮನಸ್ಸಿನಿಂದ ಮರೆಯಾದರು. ಜಯಲಲಿತಾ, ಶಶಿಕಲಾರಂಥವರು ಒಳಹೋದಾಗ ಮಾತ್ರ ಪರಪ್ಪನ ಅಗ್ರಹಾರ ಪತ್ರಿಕೆಗಳಿಗೆ ನೆನಪಾಗುತ್ತದೆ. ಅಲ್ಲಿ ಕೆಲವರಿಗೆ ವಿಶೇಷ ಸವಲತ್ತು ಸಿಗುತ್ತಿದೆಯೆಂದು 2017ರಲ್ಲಿ ಡಿಐಜಿ ಡಿ. ರೂಪಾ ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವರ ವರ್ಗಾವಣೆಯಾಯಿತು. ಸವಲತ್ತಿಲ್ಲದವರ ಸುದ್ದಿ ಯಾರಿಗೂ ಬೇಡ.

ಜೈಲಿನಲ್ಲಿ ಎರಡು ಬಗೆಯ ಜನ. ಸಜಾ ಆದವನಿಗೆ ಸಮವಸ್ತ್ರ, ಕೆಲಸ, ಕೂಲಿ, ಸನ್ನಡತೆಗೆ ಮಾಫಿ, ಬಿಡುಗಡೆಯ ಒಂದು ಅಂದಾಜು ದಿನಾಂಕ. ವಿಚಾರಣಾಧೀನ ಕೈದಿ ತನ್ನ ಬಟ್ಟೆಯಲ್ಲೇ ಇರುತ್ತಾನೆ. ಕಾನೂನಿನ ಕಣ್ಣಿಗೆ ಅವನು ನಿರಪರಾಧಿ, ಅವನಿಗಿಲ್ಲದ್ದು ಆ ದಿನಾಂಕ ಮಾತ್ರ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು! ಇಲಾಖೆಯ ಹೆಸರಿಗೆ 'ಸುಧಾರಣಾ ಸೇವೆ' ಎಂದು ಸೇರಿದೆ. ತಪ್ಪು ಸಾಬೀತಾಗದವನನ್ನು ಏನೆಂದು ಸುಧಾರಿಸುವುದು?

ಅಬ್ದುಲ್ ನಾಸರ್ ಮಅದನಿ ಕೊಯಮತ್ತೂರು ಪ್ರಕರಣದಲ್ಲಿ ಒಂಬತ್ತು ವರ್ಷ ಸೆರೆಯಲ್ಲಿದ್ದು 2007ರಲ್ಲಿ ಖುಲಾಸೆಯಾದರು. 2010ರಲ್ಲಿ ಬೆಂಗಳೂರು ಸ್ಫೋಟ ಪ್ರಕರಣದಲ್ಲಿ ಮತ್ತೆ ಬಂಧನ, ಪರಪ್ಪನ ಅಗ್ರಹಾರ. ಜಾಮೀನು ಸಿಕ್ಕಿದ್ದು 2014ರಲ್ಲಿ. ಎರಡನೆಯ ಪ್ರಕರಣದ ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಮೊದಲಿನ ಒಂಬತ್ತು ವರ್ಷಗಳ ಲೆಕ್ಕ ಯಾರ ಖಾತೆಗೆ? ಅವರಿಗಾದರೂ ಹೆಸರಿತ್ತು, ವಕೀಲರಿದ್ದರು. ಜೇಬುಗಳ್ಳತನದ ಆರೋಪ ಹೊತ್ತ, ಯಾವುದೇ ಧರ್ಮದ ಬಡವನ ಗತಿ ಏನು?

ಆ ಬಡವನ ಕೂಗನ್ನು ನ್ಯಾಯಾಲಯ ಕೇಳಿದ್ದೂ ಉಂಟು. ಬಿಹಾರದ ಜೈಲುಗಳಲ್ಲಿ ತಮ್ಮ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಕೊಳೆಯುತ್ತಿದ್ದವರ ಪರವಾಗಿ 1979ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಗೆ ಹುಸೇನಾರಾ ಖಾತೂನ್ ಎಂಬ ಹೆಣ್ಣಿನ ಹೆಸರಿದೆ. ಶೀಘ್ರ ವಿಚಾರಣೆ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಅದರಲ್ಲಿ ಹೇಳಿತು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರನ್ನು ಜಾಮೀನಿನ ಮೇಲೆ ಬಿಡಬೇಕೆಂಬ ಕಲಮು 2005ರ ತಿದ್ದುಪಡಿಯಲ್ಲಿ ಬಂತು. 2024ರ ಜುಲೈಯಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ಸಾಬೀತಾಗದವರಿಗೆ ಅದು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳಿಗೆ ಇದು ಅನ್ವಯಿಸದು. ಕಾನೂನು ಇದೆ, ಬಡವನ ಪರವಾಗಿ ಅದನ್ನು ನೆನಪಿಸುವವರು ಬೇಕು.

ನೆನಪಿಸುವುದು ಎಂದಾಗ ಯೂಸುಫ್ ಪ್ರವಾದಿಯವರ ಕಥೆ ಕಣ್ಮುಂದೆ ಬರುತ್ತದೆ. ಸುಳ್ಳು ಆರೋಪಕ್ಕೆ ಸೆರೆ ಸೇರಿದ ಅವರು, ಬಿಡುಗಡೆಯಾಗುತ್ತಿದ್ದ ಸಂಗಾತಿಗೆ, ನಿನ್ನ ಒಡೆಯನ ಮುಂದೆ ನನ್ನ ವಿಷಯ ಹೇಳು ಎಂದರು. ಅವನು ಹೊರಬಂದು ಮರೆತ. ಯೂಸುಫರು ಇನ್ನೂ ಕೆಲವು ವರ್ಷ ಸೆರೆಯಲ್ಲೇ ಉಳಿದರು. ಅವನೇನೂ ಕೆಟ್ಟವನಲ್ಲ. ಸುಖವಾಗಿದ್ದ, ಮರೆತ, ಅಷ್ಟೆ. ನಾವೂ ಹಾಗೆಯೇ.

ಝಕಾತಿನ ಎಂಟು ಬಾಬತ್ತುಗಳಲ್ಲಿ ಬಂಧನದಲ್ಲಿರುವ ಕೊರಳನ್ನು ಬಿಡಿಸುವುದೂ ಒಂದು. ಸಾಲದಲ್ಲಿ ಸಿಲುಕಿದವನಿಗೆ ನೆರವಾಗುವುದು ಇನ್ನೊಂದು. ಶಿಕ್ಷೆ ಮುಗಿದರೂ ದಂಡದ ಹಣ ಕಟ್ಟಲಾಗದೆ ಒಳಗಿರುವವರು, ಜಾಮೀನು ಮಂಜೂರಾದರೂ ಶ್ಯೂರಿಟಿ ಕೊಡುವವರಿಲ್ಲದೆ ಉಳಿದವರು ನಮ್ಮ ಜೈಲುಗಳಲ್ಲಿದ್ದಾರೆ. ಮಸೀದಿ ಸಮಿತಿಗಳು ಈ ಬಾಬತ್ತಿನ ಬಗ್ಗೆ ಉಲಮಾಗಳನ್ನು ಕೇಳಲಿ. ಕಾನೂನು ಓದಿದ ನಮ್ಮ ಹುಡುಗ ಹುಡುಗಿಯರು ತಿಂಗಳಿಗೊಂದು ದಿನವಾದರೂ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಒಳಗಿನವರ ಕಾಗದಪತ್ರ ನೋಡಲಿ. ಅವನ ಧರ್ಮ ಯಾವುದೆಂದು ಕೇಳಬೇಕಿಲ್ಲ.

ಇಂದು ಯಾವ ಮಗುವಾದರೂ ಜೈಲಿನ ಗೋಡೆ ತೋರಿಸಿ "ಒಳಗೆ ಯಾರಿದ್ದಾರೆ?" ಎಂದು ಕೇಳಿದರೆ ಹೇಳೋಣ: ತಪ್ಪು ಮಾಡಿದವರು ಕೆಲವರು, ಜಾಮಿನ್ ಆಗಿ ನಿಲ್ಲಲು ಯಾರೂ ಇಲ್ಲದವರು ಹಲವರು.